ಗೃಹಿಣಿಯ ಆರೋಗ್ಯ: ಸಂಕೋಚವೇ ಶತ್ರು

ಶಿರಗುಪ್ಪಿಯ ಕಬ್ಬಿನ ಹೊಲಗಳಲ್ಲಿ ದುಡಿಯುವ ತಾಯಂದಿರು ಸೊಂಟನೋವನ್ನಾದರೂ ಹೇಳಿಕೊಂಡಾರು; ದುರ್ವಾಸನೆಯ ಬಿಳಿಸೆರಗನ್ನು, ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನು ಹೇಳಲು ನಾಚುತ್ತಾರೆ. ಗರ್ಭಕಂಠದ ಕ್ಯಾನ್ಸರ್ ಆ ನಾಚಿಕೆಯ ಮರೆಯಲ್ಲಿಯೇ ಬೆಳೆಯುತ್ತದೆ.

ಇದಕ್ಕೆ ಮೂಲ ಎಚ್.ಪಿ.ವಿ. ಎಂಬ ವೈರಾಣು. ದೈಹಿಕ ಸಂಪರ್ಕದಿಂದ ಬರುವ ಈ ಸೋಂಕು ಗಂಡು ಹೆಣ್ಣೆನ್ನದೆ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ತಗಲುತ್ತದೆ; ಹೆಚ್ಚಿನವರಲ್ಲಿ ಎರಡು ವರ್ಷಗಳೊಳಗೆ ತಾನಾಗಿಯೇ ಹೋಗುತ್ತದೆ. ಬಹುಕಾಲ ಉಳಿದರೆ ಮಾತ್ರ ಕ್ಯಾನ್ಸರಿನ ಪೂರ್ವಸ್ಥಿತಿ ಉಂಟಾಗಬಹುದು. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಆದುದರಿಂದ ಪರೀಕ್ಷೆಯಲ್ಲಿ ವೈರಾಣು ಕಂಡರೆ ಅದು ಕ್ಯಾನ್ಸರ್ ಅಲ್ಲ. ಸೊಸೆಯ ಶೀಲಕ್ಕೆ ಕಳಂಕವೂ ಅಲ್ಲ. ಸೋಂಕು ಎಂದು ತಗಲಿತೆಂಬುದನ್ನು ಪರೀಕ್ಷೆ ಹೇಳಲಾರದು.

ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,000ಕ್ಕೂ ಹೆಚ್ಚು ಮಹಿಳೆಯರನ್ನು ಕುರಿತ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು. ಒಂದೇ ಬಾರಿ ಈ ಪರೀಕ್ಷೆಯ ಅವಕಾಶ ದೊರೆತ ಗುಂಪಿನಲ್ಲಿ ಈ ರೋಗದ ಮರಣ ಸುಮಾರು ಅರ್ಧಕ್ಕಿಳಿದಿತ್ತು.

ಮೂವತ್ತು ದಾಟಿದ ಗೃಹಿಣಿಯರು ನೋವಿಗಾಗಿ ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕಂಠದಿಂದ ಮೃದುವಾದ ಕುಂಚದಿಂದ ದ್ರವ ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಪೂರ್ವಸ್ಥಿತಿ ಕಂಡುಬಂದರೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯದೆಯೇ ಗುಣಪಡಿಸಬಹುದು.

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ರಜಸ್ಸೂತಕವೂ ಅವುಗಳಲ್ಲೊಂದು. ಅಂಥವರ ಮನೆತನದಲ್ಲಿ ಹೆಣ್ಣಿನ ದೇಹದ ಮಾತಿಗೆ ಸಂಕೋಚವೇಕೆ? ಅತ್ತೆಯಾದವಳು ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯಲಿ; ತಾನೂ ಪರೀಕ್ಷಿಸಿಕೊಂಡು ಬರಲಿ.