ಆಟಕ್ಕೆ ಬೇಕು, ಲೋಟಕ್ಕೆ ಬೇಡ

"ಆಟಕ್ಕೆ ಜಾತಿ ಇಲ್ಲ ಕಣ್ರಪ್ಪ." ಈ ಮಾತನ್ನು ಚಾಮರಾಜನಗರ, ಗುಂಡ್ಲುಪೇಟೆ ಕಡೆ ಕೇಳದವರು ಯಾರಿದ್ದಾರೆ? ಕ್ರೀಡಾಕೂಟ ಉದ್ಘಾಟಿಸಲು ಬಂದ ಪ್ರತಿಯೊಬ್ಬ ಮುಖಂಡನೂ ಹಾರ ಹಾಕಿಸಿಕೊಂಡು, ಇದನ್ನೇ ಹೇಳಿ, ಕಾರು ಹತ್ತುತ್ತಾನೆ. ಜಿಲ್ಲಾ ಕ್ರೀಡಾಂಗಣಕ್ಕೆ ಅಂಬೇಡ್ಕರ್ ಹೆಸರೇ ಇಟ್ಟಾಯ್ತಲ್ಲ, ಇನ್ನೇನು ಬೇಕು ನಿಮಗೆ ಅಂತಾರೆ. ಹೆಸರು ಇಟ್ಟದ್ದು ಸರಿ. ಆ ಮಾತು ಮಾತ್ರ ಹಸಿ ಸುಳ್ಳು.

ಗೆಲ್ಲುವ ತನಕ ಜಾತಿ ಇಲ್ಲ. ಗೆದ್ದವನು ಬೆವರು ಒರೆಸಿಕೊಂಡು ನೀರು ಕೇಳಿದ ಕೂಡಲೆ ಜಾತಿ ಎದ್ದು ಕೂರುತ್ತದೆ. ಅವನ ಕಾಲು ಬೇಕು, ತೋಳು ಬೇಕು, ದಮ್ಮು ಬೇಕು. ಬಾಯಿ ಬೇಡ. ಕುಡಿಯುವ ಬಾಯಿಯೂ ಬೇಡ, ಮಾತಾಡುವ ಬಾಯಿಯೂ ಬೇಡ.

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. ದೂರದ ಆಸ್ಟ್ರೇಲಿಯಾದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಬಯಲು, ಒಂದೊಂದು ಕಡೆ 18 ಜನ. ಕೈಯಲ್ಲೂ ಆಡುತ್ತಾರೆ, ಕಾಲಲ್ಲೂ ಆಡುತ್ತಾರೆ. ಆಟಗಾರರಿಗೆ ಸಂಬಳ, ನೋಡುವವರಿಗೆ ಹುಚ್ಚು. ಆ ಆಟದಲ್ಲಿ ಆಡಮ್ ಗುಡ್ಸ್ ಎಂಬುವನು 1999ರಿಂದ 2015ರವರೆಗೆ ಸಿಡ್ನಿ ತಂಡಕ್ಕೆ 372 ಪಂದ್ಯ ಆಡಿದ. ತಾಯಿಯ ಕಡೆಯಿಂದ ಆ ನೆಲದ ಮೂಲನಿವಾಸಿ. ಆ ತಾಯಿಯನ್ನು ಮಗುವಾಗಿದ್ದಾಗಲೇ ಬಿಳಿಯರ ಸರ್ಕಾರ ಹೆತ್ತವರಿಂದ ಕಿತ್ತುಕೊಂಡಿತ್ತು. ಮಗ ಆ ಆಟದ ಅತ್ಯುನ್ನತ ಪದಕವನ್ನು ಎರಡು ಸಲ ಗೆದ್ದ, 2003ರಲ್ಲಿ ಮತ್ತು 2006ರಲ್ಲಿ. ಅಲ್ಲಿಯ ತನಕ ಎಲ್ಲ ಚಪ್ಪಾಳೆ.

2013ರ ಮೇ ತಿಂಗಳಲ್ಲಿ ಪ್ರೇಕ್ಷಕರ ಸಾಲಿನಿಂದ ಹದಿಮೂರು ವರ್ಷದ ಹುಡುಗಿಯೊಬ್ಬಳು ಅವನನ್ನು ಕೋತಿ ಎಂದು ಕೂಗಿದಳು. ಅವನು ಆಟ ಬಿಟ್ಟು ಬೆರಳು ತೋರಿಸಿದ. ಮಗುವನ್ನು ದೂರಬೇಡಿ, ಅವಳಿಗೆ ಇದನ್ನು ಕಲಿಸಿದ ಸಮಾಜವನ್ನು ನೋಡಿ ಅಂದ. ಅಷ್ಟೇ ಸಾಕಾಯಿತು. 2014ರಲ್ಲಿ ದೇಶದ ವರ್ಷದ ವ್ಯಕ್ತಿ ಎಂದು ಅವನಿಗೆ ಪ್ರಶಸ್ತಿ ಕೊಟ್ಟರು. ಮೈದಾನದಲ್ಲಿ ಅವನು ಚೆಂಡು ಮುಟ್ಟಿದಾಗೆಲ್ಲ ಸಾವಿರಾರು ಗಂಟಲು ಊಳಿಟ್ಟವು. 2015ರಲ್ಲಿ ತನ್ನ ಜನರ ಕುಣಿತವೊಂದನ್ನು ಮೈದಾನದಲ್ಲಿ ಕುಣಿದ. ಅದಕ್ಕೂ ಹೆದರಿದರು! ಆ ವರ್ಷವೇ ಅವನು ಆಟ ಬಿಟ್ಟ. ಆಟದ ಮಂಡಳಿಯೂ 18 ಕ್ಲಬ್ಬುಗಳೂ ಕ್ಷಮೆ ಕೇಳಿದ್ದು 2019ರಲ್ಲಿ, ಅವನು ಮನೆ ಸೇರಿ ನಾಲ್ಕು ವರ್ಷವಾದ ಮೇಲೆ. ಆಮೇಲೆ ಮಹಾನ್ ಆಟಗಾರರ ಸಾಲಿಗೆ ಬಾ ಎಂದು ಕರೆದರೆ, ಒಲ್ಲೆ ಅಂದ.

ಬಿಳಿಯರು ಹಾಗೇ ಬುಡಿ, ನಮ್ಮಲ್ಲಿ ಹಾಗಿಲ್ಲ ಅನ್ನುವ ಮೇಷ್ಟ್ರುಗಳಿಗೆ ನಮ್ಮ ಧಾರವಾಡದ ಕತೆ ಹೇಳಬೇಕು. 1876ರಲ್ಲಿ ಅಲ್ಲಿ ಹುಟ್ಟಿದ ಚಮ್ಮಾರರ ಮಗ ಪಾಲವಂಕರ ಬಾಳೂ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಕೂಲಿ. ಪಿಚ್ಚಿಗೆ ರೋಲರ್ ಎಳೆಯುವುದು, ಗೆರೆ ಹಾಕುವುದು, ನೆಟ್ಟು ಕಟ್ಟುವುದು, ಸಾಹೇಬರಿಗೆ ಚೆಂಡು ಎಸೆಯುವುದು. ಗಂಟೆಗಟ್ಟಲೆ ಎಸೆದವನ ಕೈಗೆ ಬ್ಯಾಟು ಮಾತ್ರ ಕೊಡಲಿಲ್ಲ. ಎಸೆಯುವುದು ಕೂಲಿ, ಹೊಡೆಯುವುದು ದೊರೆತನ. ನಾವು ಉಳುವುದು, ಅವರು ಉಣ್ಣುವುದು ಇದ್ದ ಹಾಗೆ.

ಬಿಳಿಯರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂ ತಂಡಕ್ಕೆ ಈ ಎಡಗೈ ನೆನಪಾಯಿತು. ಕರೆದರು. ಮೈದಾನದೊಳಗೆ ಬಾಳೂ ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟಿದರು. ಆ ತೊಗಲು ಯಾವ ದನದ್ದೋ, ಯಾರು ಹದ ಮಾಡಿದ್ದೋ, ಯಾರೂ ಕೇಳಲಿಲ್ಲ. ಚಹಾದ ಹೊತ್ತಿಗೆ ಅವನು ಹೊರಗೆ. ಬೇರೆಯವರಿಗೆ ಪಿಂಗಾಣಿ ಕಪ್ಪು, ಅವನಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ. 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ. 1920ರಲ್ಲಿ ಅವನನ್ನೇ ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಆಡುವುದಿಲ್ಲ ಎಂದು ಹೊರಗೆ ನಿಂತರು. ಮೂರು ವರ್ಷದ ಮೇಲೆ, 1923ರಲ್ಲಿ, ವಿಠ್ಠಲ ನಾಯಕನಾದ. ಯಾರ ಮನಸ್ಸೂ ಕರಗಿ ಇದು ಆದದ್ದಲ್ಲ. ಒಲ್ಲೆವು ಅಂದದ್ದರ ಫಲ. ಇನ್ನೊಂದು ಮಾತು: 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಳೂವನ್ನು. ಮಣ್ಣಿನ ಕುಡಿಕೆ ಕೊಟ್ಟವರಿಗೆ ಅವನು ಮತ್ತೆ ಬೇಕಾದದ್ದು ನಮ್ಮವನೊಬ್ಬನನ್ನು ಸೋಲಿಸುವುದಕ್ಕೆ! ಅವರ ಪುಣ್ಯ, ಗೆದ್ದವರು ಅಂಬೇಡ್ಕರ್.

ಇದೆಲ್ಲ ಹಳೇ ಕತೆ ಅಂತೀರಾ? 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಏನಾಯಿತು? ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿ ತಿರುಗಿಸಿ ನೀರು ಕುಡಿದಳು. ತೊಂಬೆಯ ನೀರೆಲ್ಲ ಹರಿಬಿಟ್ಟು ಗಂಜಲ ಹಾಕಿ ತೊಳೆದರು. ಆಮೇಲೆ ಅಧಿಕಾರಿಗಳು ಬಂದು, ದಲಿತರನ್ನು ಕರೆದುಕೊಂಡು ಹೋಗಿ ನೀರು ಕುಡಿಸಿದರು. 2019ರ ಜೂನ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ದಲಿತ ಯುವಕನೊಬ್ಬನನ್ನು ದೇವಸ್ಥಾನದ ಹತ್ತಿರ ಹಿಡಿದು, ಬೆತ್ತಲೆ ಮಾಡಿ ಮೆರೆಸಿದರು. ಈ ನೆಲದಲ್ಲಿ ನಿಂತುಕೊಂಡು ಆಟಕ್ಕೆ ಜಾತಿ ಇಲ್ಲ ಅನ್ನುವವನ ನಾಲಿಗೆಗೆ ಎಲುಬಿಲ್ಲ.

ದುಡ್ಡಿನ ಮಾತಿಗೂ ಬರೋಣ. ಟಿವಿಯಲ್ಲಿ ಕಬಡ್ಡಿ ಲೀಗು ಶುರುವಾದದ್ದು 2014ರಲ್ಲಿ. ಈಗ ಒಬ್ಬ ಆಟಗಾರನನ್ನು ಕೋಟಿ ದಾಟಿ ಕೂಗುತ್ತಾರೆ. ಕೇರಿಯ ಹುಡುಗ ಅದನ್ನು ನೋಡಿ ತೊಡೆ ತಟ್ಟುತ್ತಾನೆ. ಆದರೆ ಅವನಿಗೆ ಆಡಲು ಬಯಲೆಲ್ಲಿ? ಬೆಳಗಾದರೆ ಕೂಲಿ. ಕೆಲವರು ಶುಂಠಿ ಕೀಳಲು ಗಡಿ ದಾಟಿ ವಯನಾಡಿಗೆ. ಅಲ್ಲಿಂದ ಬಂದ ಮೈಯಲ್ಲಿ ಉಳಿದ ದಮ್ಮು ಎಷ್ಟು? ಹಬ್ಬಕ್ಕೆ ನಡೆಯುವ ಪಂದ್ಯದಲ್ಲಿ ಊರಿನ ಮರ್ಯಾದೆ ಕಾಯಲು ಅಷ್ಟು ಸಾಕು ಎಂದು ಊರಿನವರ ಲೆಕ್ಕ.

ನಮ್ಮ ಜಿಲ್ಲೆಯ ಪಕ್ಕದಲ್ಲೇ ಟಿ. ನರಸೀಪುರ ತಾಲ್ಲೂಕಿನ ಕುರುಬೂರು. ಅಲ್ಲಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಹೆಣ್ಣುಮಕ್ಕಳ ತಂಡದಲ್ಲಿದ್ದಳು. ಫೈನಲ್‌ನಲ್ಲಿ ನೇಪಾಳದ ಮೇಲೆ 78-40. ಗಂಡುಮಕ್ಕಳ ತಂಡದಲ್ಲಿ ಕರ್ನಾಟಕದ ಗೌತಮ್ ಇದ್ದ. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಅಂದಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ಕೆಲಸ ಕೊಡುತ್ತಿದೆಯಲ್ಲ ಎಂದು ಕೇಳಿ, ಈ ಇಬ್ಬರೂ ಆ ಹಣ ಒಲ್ಲೆವು ಅಂದರು. ಇಲ್ಲಿ ನಾನು ಜಾತಿಯ ಮಾತು ಎತ್ತುತ್ತಿಲ್ಲ. ಇದು ಹಳ್ಳಿಯ ಮಾತು, ಮಣ್ಣಿನಲ್ಲಿ ಆಡುವ ಆಟದ ಮಾತು. ಕೊಟ್ಟದ್ದನ್ನು ಕೈಮುಗಿದು ಇಸಕೊಳ್ಳದೆ ಕೇಳಿದರಲ್ಲ, ಅದಕ್ಕೇ ಕೆಲವರಿಗೆ ಉರಿ. ಮೂವತ್ತು ದಾಟಿದರೆ ಮೊಣಕಾಲು ಹೋಗುತ್ತದೆ ಸ್ವಾಮಿ. ಆಮೇಲೆ ಗೋಡೆಗೆ ಹಾಕಿದ ಹಾರದ ಫೋಟೋ ಅನ್ನ ಹಾಕುತ್ತದೆಯೆ?

ಹಳ್ಳಿ ಶಾಲೆಯ ಮೇಷ್ಟ್ರುಗಳೆ, ಈ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟ ನಡೆದಾಗ ವೇದಿಕೆಯ ಕಡೆ ನೋಡಬೇಡಿ. ನೀರಿನ ಡ್ರಮ್ಮಿನ ಹತ್ತಿರ ನಿಂತು ನೋಡಿ. ಲೋಟ ಯಾರು ಎತ್ತಿಕೊಳ್ಳುತ್ತಾರೆ, ಬೊಗಸೆ ಯಾರು ಒಡ್ಡುತ್ತಾರೆ? ಸುಣ್ಣದ ಗೆರೆ ಹಾಕಲು, ಕಲ್ಲು ಆರಿಸಲು ಯಾವ ಕೇರಿಯ ಹುಡುಗರನ್ನು ಕಳಿಸಿದ್ದೀರಿ? ಗೆದ್ದ ತಂಡಕ್ಕೆ ಊಟ ಯಾರ ಮನೆಯಲ್ಲಿ, ಆ ಮನೆಯ ಜಗುಲಿಯಿಂದ ಒಳಕ್ಕೆ ಯಾರು ಹೋದರು, ಯಾರು ಹೊರಗೇ ಉಂಡರು? ಬರೆದು ಕಳಿಸಿ. ಶಾಲೆಯ ಹೆಸರು, ತಾರೀಖು, ಇಷ್ಟು ಸಾಕು. ಅಚ್ಚು ಮಾಡೋಣ.