ಕಲಾ ಪದವಿಯಿಂದ ಒಳಾಂಗಣ ವಿನ್ಯಾಸಕ್ಕೆ

ಬಿ.ಎ. ಆದ ಮೇಲೆ ಏನು ಎಂಬ ಪ್ರಶ್ನೆಗೆ ನಮ್ಮ ಕಡೆ ಸಿದ್ಧ ಉತ್ತರಗಳು ಮೂರೇ ಮೂರು: ಬಿ.ಎಡ್. ಮಾಡಿ ಉಪಾಧ್ಯಾಯರಾಗುವುದು, ಎಂ.ಎ.ಗೆ ಸೇರುವುದು, ಇಲ್ಲವೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕುಳಿತು ಸರ್ಕಾರಿ ನೌಕರಿಗಾಗಿ ಕಾಯುವುದು. ಇವುಗಳಲ್ಲಿ ಯಾವುದನ್ನೂ ಹಳಿಯುವ ಉದ್ದೇಶ ನನಗಿಲ್ಲ. ಆದರೆ ಇತಿಹಾಸ, ಸಮಾಜಶಾಸ್ತ್ರಗಳನ್ನು ಓದಿದವರು ಒಳಾಂಗಣ ವಿನ್ಯಾಸದ ಸ್ನಾತಕೋತ್ತರ ಪದವಿಯೆಂಬ ನಾಲ್ಕನೆಯ ದಾರಿಯನ್ನು ಏಕೆ ಹಿಡಿಯಬಾರದು? ನಾನು ಹಿಡಿಯಬೇಕೆಂದಿರುವ ದಾರಿಯೂ ಅದೇ ಆದ್ದರಿಂದ ಈ ಪ್ರಶ್ನೆ ನನಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ.

ಮಾತೆತ್ತಿದೊಡನೆ "ಎಲ್ಲಿಯ ಇತಿಹಾಸ, ಎಲ್ಲಿಯ ಮೇಜು ಕುರ್ಚಿ!" ಎಂದು ನಗುವವರುಂಟು. ಸಿರಿವಂತರ ಮನೆಗೆ ಪರದೆ ಕಟ್ಟುವುದು, ಗೋಡೆಗೆ ಬಣ್ಣ ಆರಿಸುವುದು, ಇಷ್ಟೇ ಈ ವಿದ್ಯೆ ಎಂದು ಅವರ ತಿಳಿವಳಿಕೆ. ಅದು ಈ ವಿದ್ಯೆಯ ಅಂಚು ಮಾತ್ರ. ಕೋಣೆಗೆ ಬೆಳಕು ಎಲ್ಲಿಂದ ಬರಬೇಕು, ಅಡಿಗೆ ಮಾಡುವವರು ದಿನಕ್ಕೆ ಎಷ್ಟು ಸಲ ಬಗ್ಗಿ ಏಳಬೇಕಾಗುತ್ತದೆ, ಗಾಲಿಕುರ್ಚಿಯಲ್ಲಿ ಕುಳಿತವರು ದಾಟಲು ಬಾಗಿಲಲ್ಲಿ ಸುಮಾರು 90 ಸೆಂಟಿಮೀಟರ್ ತೆರವು ಇದೆಯೇ, ಆಸ್ಪತ್ರೆಗೆ ರೋಗಿಯ ಜೊತೆ ಬಂದವರು ರಾತ್ರಿ ಎಲ್ಲಿ ಒರಗಬೇಕು: ಇವೆಲ್ಲ ಅದರ ಪ್ರಶ್ನೆಗಳು. ಕಟ್ಟಡ ನಿಂತ ಮೇಲೆ ಅದರೊಳಗೆ ಮನುಷ್ಯ ಬಾಳಬೇಕಷ್ಟೆ. ಆ ಬಾಳಿನ ವಿಚಾರವೇ ಒಳಾಂಗಣ ವಿನ್ಯಾಸ.

ಹೀಗೆ ನೋಡಿದರೆ ನಮ್ಮ ಪಾಠಗಳು ಅಷ್ಟೇನೂ ದೂರದವಲ್ಲ. ನಮ್ಮ ಹಳೆಯ ತೊಟ್ಟಿ ಮನೆಯನ್ನೇ ತೆಗೆದುಕೊಳ್ಳಿ. ನಡುವಿನ ತೊಟ್ಟಿಯಿಂದ ಬೆಳಕು ಗಾಳಿ ಬರುತ್ತಿದ್ದವು ಎಂಬುದು ಅರ್ಧ ಮಾತು. ಜಗಲಿಯವರೆಗೆ ಯಾರು ಬರಬಹುದಿತ್ತು, ಪಡಸಾಲೆಯಲ್ಲಿ ಯಾರು ಕೂರಬಹುದಿತ್ತು, ಹಿತ್ತಲ ಬಾಗಿಲಲ್ಲೇ ಯಾರು ನಿಲ್ಲಬೇಕಿತ್ತು, ಹೆಂಗಸರು ಯಾವ ಕತ್ತಲ ಕೋಣೆಯಲ್ಲಿ ಹೊಗೆ ಕುಡಿಯುತ್ತಿದ್ದರು ಎಂಬುದು ಉಳಿದ ಅರ್ಧ. ಜಾತಿಯೂ ಲಿಂಗಭೇದವೂ ಆ ಮನೆಯ ನಕ್ಷೆಯಲ್ಲೇ ಬರೆದಿವೆ. ಅದನ್ನು ಓದಬಲ್ಲವರು ಸಮಾಜಶಾಸ್ತ್ರದ ವಿದ್ಯಾರ್ಥಿಗಳು. ಅಳತೆಯೊಂದನ್ನೇ ಬಲ್ಲವರು ತೊಟ್ಟಿ ಮನೆಯ ಚೆಲುವನ್ನು ಇಂದು ಮತ್ತೆ ಕಟ್ಟುವಾಗ ಅದರ ಅನ್ಯಾಯವನ್ನೂ ತಿಳಿಯದೆ ಕಟ್ಟಿಬಿಡಬಹುದು.

ನಮ್ಮ ದೇಶದ ವಿನ್ಯಾಸ ಶಿಕ್ಷಣ ಆರಂಭವಾದದ್ದೂ ಇಂಥ ಆಲೋಚನೆಯಿಂದಲೇ. ಭಾರತ ಸರ್ಕಾರದ ಆಹ್ವಾನದ ಮೇಲೆ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿಕೊಂಡ ವಸ್ತು ಯಾವ ಅರಮನೆಯ ಸಿಂಹಾಸನವೂ ಅಲ್ಲ, ನಮ್ಮ ಮನೆಯ ಚೊಂಬು. ಅದರಲ್ಲಿ ಎಷ್ಟು ನೀರು ತರಬೇಕು, ತರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ ಅದು ಹೇಗೆ ಕೂರುತ್ತದೆ, ಅದರ ಬೆಲೆ ಎಷ್ಟು ಎಂದು ಅವರು ಪ್ರಶ್ನೆಗಳನ್ನು ಪೋಣಿಸುತ್ತಾರೆ. ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಆ ಚೊಂಬಿನೊಳಗಿವೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಅದನ್ನು ಮೊದಲ ವರ್ಷಗಳಲ್ಲಿ ಬೆಳೆಸಿದ ದಶರಥ ಪಟೇಲರು ಮದರಾಸಿನಲ್ಲಿ ಚಿತ್ರಕಲೆ ಕಲಿತವರು. ರೇ ಈಮ್ಸ್ ಕೂಡ ಮೊದಲು ಚಿತ್ರಕಾರ್ತಿ. ನ್ಯೂಯಾರ್ಕಿನಲ್ಲಿ ಒಳಾಂಗಣ ಅಲಂಕರಣವನ್ನು ಒಂದು ವೃತ್ತಿಯಾಗಿ ನಿಲ್ಲಿಸಿದವರಲ್ಲಿ ಒಬ್ಬಳಾದ ಎಲ್ಸಿ ಡಿ ವುಲ್ಫ್ ಅದಕ್ಕೆ ಮೊದಲು ನಾಟಕದ ನಟಿ. ಹೊರಗಿನಿಂದ ಬಂದವರಿಗೆ ಈ ಕ್ಷೇತ್ರ ಹೊಸದೇನೂ ಅಲ್ಲ.

ಬಾಗಿಲುಗಳೂ ಪೂರ್ತಿ ಮುಚ್ಚಿಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಎಂ.ಡೆಸ್. ಪ್ರವೇಶ ಪರೀಕ್ಷೆಗೆ ಯಾವುದೇ ವಿಷಯದ ಪದವೀಧರರು ಕುಳಿತುಕೊಳ್ಳಬಹುದು. ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸ ಅಲ್ಲಿನ ವಿಭಾಗಗಳಲ್ಲೊಂದು. 1916ರಲ್ಲಿ ಆರಂಭವಾದ ನ್ಯೂಯಾರ್ಕ್ ಒಳಾಂಗಣ ವಿನ್ಯಾಸ ಶಾಲೆಯಲ್ಲಿ ವಿನ್ಯಾಸ ಓದಿಲ್ಲದ ಪದವೀಧರರಿಗೆಂದೇ ಮೂರು ವರ್ಷದ ಎಂ.ಎಫ್.ಎ. ಉಂಟು, ಮೊದಲೇ ಓದಿದವರಿಗೆ ಎರಡೇ ವರ್ಷ. ಆದರೆ ಹೊರದೇಶದ ಹಲವು ವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂದು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಅರ್ಜಿ ಹಾಕುವ ಮೊದಲು ಈ ಲೆಕ್ಕವನ್ನು ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಆಕ್ಷೇಪಣೆಯಿದೆ. "ಭಾರತದಲ್ಲಿ ಒಳಾಂಗಣ ವಿನ್ಯಾಸಕರೆಂದು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದಲ್ಲ, ಪದವಿ ಏಕೆ?" ಎನ್ನುತ್ತಾರೆ. ನಿಜ, 1972ರ ಕಾಯಿದೆ ರಕ್ಷಿಸುವುದು ವಾಸ್ತುಶಿಲ್ಪಿ ಎಂಬ ಹೆಸರನ್ನು, ನಮ್ಮದನ್ನಲ್ಲ. ಆದರೆ ಕಾವಲಿಲ್ಲದ ಕಡೆಯೇ ತಿಳಿವಳಿಕೆ ಹೆಚ್ಚು ಬೇಕು. ಯಾವ ಗೋಡೆ ಸೂರಿನ ಭಾರ ಹೊತ್ತಿದೆ ಎಂದು ತಿಳಿಯದೆ ಅದನ್ನು ಒಡೆಸಿದರೆ, ಅಥವಾ ಪರದೆಯ ಪಕ್ಕದಲ್ಲಿ ಬಿಸಿಯೇರುವ ದೀಪವಿರಿಸಿದರೆ, ಕೆಡುವುದು ಅಂದವಷ್ಟೇ ಅಲ್ಲ, ಒಳಗಿನವರ ಜೀವ.

ಆದ್ದರಿಂದ ನಮ್ಮ ಕೊರತೆಯನ್ನೂ ಮುಚ್ಚಿಡಬಾರದು. ಅಳತೆಗೆ ಸರಿಯಾಗಿ ನಕ್ಷೆ ಬರೆಯಲು, ಮರದ ಜಾತಿ ಗುರುತಿಸಲು, ನೀರಿನ ಕೊಳವೆ ವಿದ್ಯುತ್ತಿನ ತಂತಿ ಎಲ್ಲಿ ಹಾಯಬೇಕೆಂದು ಹೇಳಲು ಬಿ.ಎ. ನಮಗೆ ಕಲಿಸಿಲ್ಲ. ಉತ್ಸಾಹ ಇದಕ್ಕೆ ಬದಲಾಗದು. ಹೊಸಬರಿಗೆ ಒಂದು ವರ್ಷ ಹೆಚ್ಚು ಕೊಡುವ ಶಾಲೆಗಳು ಅವರಿಗೆ ಉಪಕಾರವನ್ನೇ ಮಾಡುತ್ತವೆ.

ಉಳಿದದ್ದು ಮನೆಯ ಮಾತು. ನಮ್ಮ ತಂದೆಯವರು "ಇನ್ನೂ ಎರಡು ಮೂರು ವರ್ಷ ಓದಿಸಲಿಕ್ಕೆ ನಾನು ತಯಾರು, ಆದರೆ ಕೊನೆಗೆ ಅದು ಒಗ್ಗದಿದ್ದರೆ ಏನಮ್ಮ ಮಾಡ್ತೀಯ?" ಎಂದು ಕೇಳಿದರು. ಸರ್ಕಾರಿ ಕಾಲೇಜಿಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರ ನ್ಯಾಯವಾದ ಪ್ರಶ್ನೆಯದು. ತರಬೇತಿ ಕೇಂದ್ರಗಳಿಗೆ ಹಣ ಸುರಿಯುವ ಮೊದಲು ನಮ್ಮನ್ನು ನಾವೇ ಅಗ್ಗದಲ್ಲಿ ಪರೀಕ್ಷಿಸಿಕೊಳ್ಳಬೇಕೆಂಬುದು ನನ್ನ ಉತ್ತರ. ಒಂದು ಟೇಪು, ಪೆನ್ಸಿಲು, ಚೌಕುಳಿ ಕಾಗದ ಸಾಕು. ಮನೆಯ ಅಡಿಗೆಮನೆಯನ್ನು ಅಳೆದು, ಒಂದು ಅಡಿಗೆ ಅರ್ಧ ಅಂಗುಲದಂತೆ ಬರೆಯಬೇಕು. ರಜೆಯಲ್ಲಿ ಬಡಗಿಯ ಬಳಿ ಕುಳಿತು, ಒಂದು ಬೀರು ಹೇಗೆ ಏಳುತ್ತದೆಂದು ನೋಡಬೇಕು. ಎರಡು ತಿಂಗಳಲ್ಲಿ ಬೇಸರ ಬಂದವರು ಈ ದಾರಿಗೆ ಹೋಗದಿರುವುದೇ ಲೇಸು. ಬೇಸರ ಬರದವರ ಕೈಯಲ್ಲಿ, ಪ್ರವೇಶಕ್ಕೆ ತೋರಿಸಬೇಕಾದ ಚಿತ್ರಗಳ ಕಟ್ಟು ಅಷ್ಟರಲ್ಲೇ ಅರ್ಧ ಸಿದ್ಧವಾಗಿರುತ್ತದೆ.

ಕೊನೆಯದಾಗಿ ಅಧ್ಯಾಪಕವರ್ಗದವರಲ್ಲಿ ಒಂದು ಅರಿಕೆ. ನಮ್ಮ ಕಾಲೇಜಿನಲ್ಲಿ ಚರ್ಚಾಕೂಟವಿದೆ, ನಾಟಕ ಸಂಘವಿದೆ. ಚಿತ್ರ ಬರೆಯಲು ಒಂದು ಮೇಜಿಲ್ಲ. ವಾರಕ್ಕೆ ಎರಡು ಗಂಟೆ ಒಂದು ಕೊಠಡಿಯನ್ನೂ, ಊರಿನ ಚಿತ್ರಕಲಾ ಶಿಕ್ಷಕರೊಬ್ಬರನ್ನೂ ಒದಗಿಸಿದರೆ ಕೆಲಸ ಆರಂಭಿಸಬಹುದು. ಮೊದಲ ಅಭ್ಯಾಸಕ್ಕೆ ನಮ್ಮ ವಾಚನಾಲಯವೇ ಇದೆ: ಅಲ್ಲಿ ಕಿಟಕಿಯ ಬೆಳಕು ಓದುವವರ ಬೆನ್ನಿಗೆ ಬಿದ್ದು, ಪುಸ್ತಕದ ಮೇಲೆ ಅವರದೇ ನೆರಳು ಕೂರುತ್ತದೆ. ಬೆಂಚುಗಳನ್ನು ಎತ್ತ ತಿರುಗಿಸಬೇಕೆಂದು ವಿದ್ಯಾರ್ಥಿಗಳೇ ಅಳೆದು, ನಕ್ಷೆ ಬರೆದು, ಪ್ರಿನ್ಸಿಪಾಲರ ಮುಂದಿಡಲಿ. ಅದಕ್ಕೆ ತಗಲುವ ಖರ್ಚು ನಾಲ್ಕು ಜನರ ತೋಳಬಲವಷ್ಟೇ. ನಮ್ಮಲ್ಲಿ ಎಷ್ಟು ಜನ ಅಹಮದಾಬಾದಿಗೆ ಹೋಗುತ್ತಾರೋ ಹೇಳಲಾರೆ. ಹೋಗದವರಿಗೂ ಓದಲು ಬೆಳಕಂತೂ ಸಿಕ್ಕೀತು.

— ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ.ಎ.