ಜಾಯಿಂಟಿಗೆ ಬಳಿಯುವ ಲೇಪ: ಅಗ್ಗದ ಡಬ್ಬಿಯ ನಿಜವಾದ ಬೆಲೆ

ರಾಮದುರ್ಗ, ಸುರೇಬಾನ ಭಾಗದ ಮಗ್ಗದ ಶೆಡ್ಡುಗಳಲ್ಲಿಯೂ ಮಲಪ್ರಭೆಯ ದಂಡೆಯ ಹೊಲಗಳಲ್ಲಿಯೂ ಕೇಬಲ್ ತುಂಡಾದರೆ ತಾಮ್ರದ ಎಳೆಗಳನ್ನು ಹೊಸೆದು, ಪಿವಿಸಿ ಟೇಪು ಸುತ್ತಿ, ಮೇಲೆ ವಾರ್ನಿಷ್ ಅಥವಾ ರಬ್ಬರ್ ಸೊಲ್ಯೂಷನ್ ಬಳಿಯುವುದು ಸಾಮಾನ್ಯ. ಲೇಪ ಬೇಡವೆನ್ನುವಂತಿಲ್ಲ. 2019ರ ಆಗಸ್ಟಿನ ಪ್ರವಾಹ ಕಂಡ ಊರುಗಳಿಗೆ ಜಾಯಿಂಟಿನೊಳಗೆ ನೀರಿಳಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಆದರೆ ಇಂಥ ಲೇಪಗಳಲ್ಲಿ ಅನೇಕವು ಟೊಲೂಯಿನ್‌ನಂತಹ ದ್ರಾವಕಗಳಲ್ಲಿ ಕರಗಿಸಿದವು. ಅವುಗಳ ಆವಿ ತಲೆಸುತ್ತು ತರುತ್ತದೆ, ಕಾಲಕ್ರಮದಲ್ಲಿ ನರಮಂಡಲವನ್ನು ಬಾಧಿಸುತ್ತದೆ. ನೂಲಿನ ಧೂಳು ತುಂಬಿದ ಶೆಡ್ಡಿನಲ್ಲಿ ಬೆಂಕಿಯ ಭಯ ಬೇರೆ. ಬೆಂಜೀನ್ ಹಾಗೂ ಅದರ ವರ್ಗದ ವಿಷಗಳಿಂದ ಬರುವ ಕಾಯಿಲೆಗಳನ್ನು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯೇ ಔದ್ಯೋಗಿಕ ರೋಗಗಳೆಂದು ಗುರುತಿಸಿತ್ತು. ಮಾಲೀಕರ ಹೊಣೆ ಹೊಸದೇನಲ್ಲ.

ಎಳೆದು ಸುತ್ತಿದರೆ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪಿಗೆ ದ್ರಾವಕವೇ ಬೇಕಿಲ್ಲ. ಒಳಗೆ ಅಂಟುಳ್ಳ, ಬಿಸಿಗೆ ಕುಗ್ಗುವ ಕೊಳವೆ ಬೋರ್‌ವೆಲ್ ಕೇಬಲ್ಲಿಗೆ ಒಪ್ಪುತ್ತದೆ. ಸಿಲಿಕೋನ್ ಕೊಳ್ಳುವವರು ವಿನೆಗರ್ ವಾಸನೆಯದನ್ನು ಬಿಡತಕ್ಕದ್ದು. ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಮುದ್ರಿತವಾದದ್ದೇ ಯೋಗ್ಯ.

ಬೆಲೆ ಹೆಚ್ಚೆಂಬ ಆಕ್ಷೇಪ ಲೆಕ್ಕದ ಮುಂದೆ ನಿಲ್ಲದು. ಡಬ್ಬಿಯ ದರವನ್ನಷ್ಟೇ ನೋಡುವವರು ಪಂಪನ್ನು ಮೇಲೆತ್ತಿಸುವ ಕೂಲಿ, ಸುಟ್ಟ ಮೋಟಾರಿನ ವೈಂಡಿಂಗ್, ಮಗ್ಗ ನಿಂತ ದಿನಗಳು ಇವನ್ನೆಲ್ಲ ಬೇರೆ ಬೇರೆ ಖಾತೆಗೆ ಬರೆದು ಮರೆಯುತ್ತಾರೆ. ನೋಂದಾಯಿತ ಉದ್ದಿಮೆಗೆ ಸಾಮಾನ್ಯವಾಗಿ ಜಿಎಸ್‌ಟಿ ಜಮೆಯಾದರೂ ದೊರೆಯುತ್ತದೆ. ರೈತನಿಗೆ ಅದೂ ಇಲ್ಲ. ಅವನಿಗೆ ಮಾರುವಾಗ ವರ್ತಕರು ತಮ್ಮ ಲಾಭಾಂಶವನ್ನು ತುಸು ತಗ್ಗಿಸುವುದು ನ್ಯಾಯ. ತಯಾರಕರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯುವುದೂ ವರ್ತಕರ ಕೆಲಸವೇ. ಕೊಡದವರ ಡಬ್ಬಿಯನ್ನು ಮುಂದಿನ ಖರೀದಿಯಲ್ಲಿ ಕೈಬಿಡಬಹುದು.